ಏಳನೇ ಕಲ್ಲು

ಏಳನೇ ಕಲ್ಲಿನ ಕೆಳಗೆ ಏನೂ ಇರಲಿಲ್ಲ.

ದಾಕ್ಷಾಯಣಿ ಗಾಡಿಯನ್ನು ಹಿಂದಕ್ಕೆಳೆದು ಕಲ್ಲಿನ ಬುಡಕ್ಕೆ ಇನ್ನೊಂದು ಸುತ್ತು ತಳ್ಳಿದಳು. ಮೂರು ಚಕ್ರದ ಆ ಉಪಕರಣವನ್ನು ಕೇಂದ್ರದಲ್ಲಿ ‘ನೆಲಗಿವಿ’ ಎಂದು ಕರೆಯುತ್ತಿದ್ದರು. ಅದು ನೆಲದೊಳಕ್ಕೆ ಅಲೆಗಳನ್ನು ಬಿಟ್ಟು, ಮರಳಿ ಬಂದ ಅಲೆಗಳಿಂದ ಆಳುದ್ದ ಆಳದವರೆಗಿನ ಚಿತ್ರವನ್ನು ಪರದೆಯ ಮೇಲೆ ಮೂಡಿಸುತ್ತಿತ್ತು. ಬೇರು ಬೇರಾಗಿ ಕಾಣುತ್ತಿತ್ತು, ಇಲಿಯ ಬಿಲ ಬಿಲವಾಗಿ ಕಾಣುತ್ತಿತ್ತು. ಏಳನೇ ಕಲ್ಲಿನ ಕೆಳಗೆ ಮಾತ್ರ ಬರೀ ಕೆಮ್ಮಣ್ಣು.

ಅದು ಸಾಧ್ಯವೇ ಇರಲಿಲ್ಲ. ಆ ಕಲ್ಲನ್ನು ನೆಟ್ಟವನು ಅವಳ ತಂದೆ.

ಮಳಿಯಪ್ಪ ಹಂಚಿನಾಳ ಬಾಂದು ಜವಾನನಾಗಿದ್ದ. ಅಳತೆಯ ಸರಪಳಿ ಹಿಡಿಯುವುದು, ಗುರುತಿನ ಕಲ್ಲು ನೆಡುವುದು ಅವನ ಕೆಲಸ. ಕಲ್ಲು ನಿಲ್ಲಿಸುವ ಮುನ್ನ ಗುಂಡಿಯ ತಳಕ್ಕೆ ಒಂದು ಬೊಗಸೆ ಇದ್ದಿಲು ಸುರಿಯುವುದು ಹಳೆಯ ಅಳತೆಗಾರರ ಪದ್ಧತಿ. ಕಲ್ಲನ್ನು ಯಾರಾದರೂ ಕಿತ್ತಾರು, ಸರಿಸಿಯಾರು. ಆದರೆ ಇದ್ದಿಲು ಕೊಳೆಯದು, ಕರಗದು. ಕಲ್ಲು ಕದಿಯುವವನಿಗೆ ಅದರ ನೆನಪೂ ಬಾರದು. ಹೊಸಬರೆಲ್ಲ ಕೈಬಿಟ್ಟ ಈ ಪದ್ಧತಿಯನ್ನು ಮಳಿಯಪ್ಪ ಬಿಟ್ಟಿರಲಿಲ್ಲ. ಇದ್ದಿಲನ್ನು ಮನೆಯ ಒಲೆಯಿಂದಲೇ ಒಯ್ಯುತ್ತಿದ್ದ. ಜೊತೆಗೆ ಹೆಂಡತಿಯ ಒಡೆದ ಬಳೆಗಳ ಚೂರುಗಳನ್ನೂ ಹಾಕುತ್ತಿದ್ದ. ‘ಇದು ನಾ ನೆಟ್ಟಿದ್ದು ಅಂತ ಗುರುತು ಇರಲಿ’ ಎನ್ನುತ್ತಿದ್ದ.

ಅವಳು ಗಾಡಿಯನ್ನು ಗಣಿಯ ಹೊಂಡಕ್ಕೆ ಬೆನ್ನು ಮಾಡಿ ಪಶ್ಚಿಮಕ್ಕೆ ತಳ್ಳುತ್ತ ಹೋದಳು. ಮೂರು ಮೀಟರ್. ಆರು. ಒಂಬತ್ತು. ಪರದೆಯ ಮೇಲೆ ಇದ್ದಕ್ಕಿದ್ದಂತೆ ಒಂದು ಕಪ್ಪು ಕಲೆ ಮೂಡಿತು. ಕಲೆಯ ನಡುವೆ ಆರು ಚುಕ್ಕಿಗಳು, ಮಿಣುಕು ಹುಳುಗಳಂತೆ. ಗಾಜು!

ಅವಳು ಅಳಲಿಲ್ಲ. ಅಳತೆಯ ಪಟ್ಟಿಯನ್ನು ಹೊರತೆಗೆದಳು.

ಕಲ್ಲಿನಿಂದ ಕಲೆಗೆ ಹನ್ನೊಂದು ಮೀಟರ್.

*

ಇಳಕಲ್ಲಿನ ಹೊರವಲಯದಲ್ಲಿ, ಪಾಳುಬಿದ್ದ ಕೆಂಪು ಗ್ರಾನೈಟ್ ಗಣಿಯ ದಂಡೆಯ ಮೇಲೆ ಭೂಚಿತ್ರ ಕೇಂದ್ರವಿತ್ತು. ಭೂಗೋಳಶಾಸ್ತ್ರದ ವಿದ್ಯಾರ್ಥಿನಿಯಾದ ದಾಕ್ಷಾಯಣಿ ಅಲ್ಲಿಗೆ ಮೂರು ತಿಂಗಳ ತರಬೇತಿಗೆಂದು ಬಂದಿದ್ದಳು. ಇನ್ನು ಮೂರು ವಾರಕ್ಕೆ ಐದು ಜನರ ತಂಡದೊಡನೆ ಇಥಿಯೋಪಿಯಾದ ದನಕಿಲ್ ತಗ್ಗಿಗೆ ಹೊರಡಬೇಕು. ಅಲ್ಲಿ ಉಪ್ಪಿನ ತೆಳುವಾದ ಹಕ್ಕಳೆಯ ಕೆಳಗೆ ಆಮ್ಲ ಕುದಿಯುತ್ತದೆ. ಗಂಧಕದ ಹೊಗೆಯಲ್ಲಿ ಚಾಚಿದ ಕೈಯೂ ಕಾಣದು. ಅಂಥ ಕಡೆ ನಡೆಯಲೆಂದೇ ಕೇಂದ್ರವು ‘ನಕ್ಷೆಗಣ್ಣು’ ಎಂಬ ಶಿರಸ್ತ್ರಾಣವನ್ನು ರೂಪಿಸಿತ್ತು. ಅದನ್ನು ತೊಟ್ಟವನಿಗೆ ಹೊರಗಿನ ಲೋಕವೇನೂ ಕಾಣುವುದಿಲ್ಲ. ಕಾಣುವುದು ನಕ್ಷೆ ಮಾತ್ರ. ದಾರಿ, ಅಂಚು, ಹೊಂಡ ಎಲ್ಲವೂ ಹಗಲಿನಷ್ಟು ನಿಚ್ಚಳವಾಗಿ ಅವನ ಹೆಜ್ಜೆಯೊಂದಿಗೆ ಸರಿಯುತ್ತವೆ. ವಿಷದ ಹೊಗೆಯ ನಡುವೆ ಯಾರೂ ಗಾಬರಿಯಿಂದ ಕಳಚಿಕೊಳ್ಳಬಾರದೆಂದು ಅದರ ಕೊರಳಪಟ್ಟಿಯ ಬೀಗ ನಿಯಂತ್ರಣ ಕೊಠಡಿಯ ಕೈಯಲ್ಲಿರುತ್ತದೆ.

ನಕ್ಷೆಯನ್ನು ನೆಲಕ್ಕೆ ಹೊಂದಿಸುವುದು ನೆಲೆಗಲ್ಲುಗಳ ಕೆಲಸ. ಅಂಗಳದಲ್ಲಿ ಹಾಸಿದ ಜಮಖಾನೆಯ ಮೂಲೆಗಳಿಗೆ ಹೇರಿದ ಕಲ್ಲುಗಳಂತೆ ಅವು ನಕ್ಷೆಯನ್ನು ಹಿಡಿದಿಡುತ್ತವೆ. ಒಂದು ಕಲ್ಲು ಸರಿದರೆ ಆ ಭಾಗದ ನಕ್ಷೆಯೂ ಸರಿಯುತ್ತದೆ.

ಹನ್ನೆರಡು ವರ್ಷಗಳ ಹಿಂದೆ, ನಕ್ಷೆಗಣ್ಣಿನ ಮೊದಲ ಪ್ರದರ್ಶನದ ದಿನ, ಅದನ್ನು ತೊಟ್ಟು ಗಣಿಯ ಅಂಚಿನಲ್ಲಿ ನಡೆದವನು ಮಳಿಯಪ್ಪ. ಏಳನೇ ಕಲ್ಲು ದಾಟಿದ ಮೇಲೆ ಅವನು ನಕ್ಷೆ ತೋರಿಸಿದ ದಾರಿಯಲ್ಲೇ ಹೆಜ್ಜೆ ಇಟ್ಟ. ಅಲ್ಲಿ ನೆಲವಿರಲಿಲ್ಲ.

ವರದಿ ಒಂದೇ ಪುಟದ್ದು. ಏಳನೇ ಕಲ್ಲು ನಕ್ಷೆಯಲ್ಲಿ ಎಲ್ಲಿದೆಯೋ ನೆಲದ ಮೇಲೂ ಅಲ್ಲೇ ಇದೆ. ನಕ್ಷೆಯಲ್ಲಿ ಗೇಣಿನಷ್ಟೂ ದೋಷವಿಲ್ಲ. ಓರ್ವ ಬಾಂದು ಜವಾನನು ಮದ್ಯದ ಅಮಲಿನಲ್ಲಿ ದಾರಿ ಬಿಟ್ಟು ಬಿದ್ದನು. ಕೆಳಗೆ ನಿರ್ದೇಶಕ ಡಾ. ವಿಶ್ವಜಿತ್ ಪಡಗಾನೂರನ ಸಹಿ. ಆ ದಂಡೆಗೆ ಬೇಲಿ ಬಿತ್ತು. ಆಮೇಲಿನ ನಕ್ಷೆಗಳೆಲ್ಲ ಆ ಕಲ್ಲನ್ನೇ ನಂಬಿ ಬಂದವು. ಮರಳಿ ಅಳೆಯುವ ಕಾರಣ ಯಾರಿಗೂ ಕಾಣಲಿಲ್ಲ.

ಈಗ ಎಲ್ಲವೂ ಅವಳಿಗೆ ಸ್ಪಷ್ಟವಾಯಿತು. ಹಳೆಯ ಸರ್ವೆಯ ಮಾನಕ್ಕೂ ಉಪಗ್ರಹದ ಮಾನಕ್ಕೂ ನಡುವೆ ಮಾಡಬೇಕಾದ ತಿದ್ದುಪಡಿಯನ್ನು ಪಡಗಾನೂರ ಒಂದು ಬಿಂದುವಿಗೆ ಮಾಡಲು ಮರೆತಿದ್ದ. ನಕ್ಷೆ ಅಲ್ಲಿ ಹೊಂಡದ ಕಡೆಗೆ ಹನ್ನೊಂದು ಮೀಟರ್ ಜಾರಿತ್ತು. ಅದು ಅವನ ಕಣ್ಣಿಗೆ ಬಿದ್ದಾಗ ಮರುದಿನವೇ ಪ್ರದರ್ಶನ. ನಕ್ಷೆಯನ್ನು ತಿದ್ದಿದರೆ ತಪ್ಪನ್ನು ಒಪ್ಪಿಕೊಂಡಂತೆ. ಆದ್ದರಿಂದ ಅವನು ನಕ್ಷೆಗೆ ತಕ್ಕಂತೆ ಕಲ್ಲನ್ನೇ ಸರಿಸಿದ.

*

“ಹಂಚಿನಾಳ, ಎಷ್ಟೊತ್ತು ಅಲ್ಲಿ ಹುಲ್ಲು ಕೀಳ್ತಾ ನಿಂತಿದ್ದೀ?” ಅವಳು ನಿಯಂತ್ರಣ ಕೊಠಡಿಗೆ ಕಾಲಿಟ್ಟೊಡನೆ ಪಡಗಾನೂರ ಕೇಳಿದ. “ಬೇಲಿಯ ಒಳಗೆ ಹೋಗಿದ್ದೆಯಂತೆ.”

“ನೆಲಗಿವಿ ಅಭ್ಯಾಸ ಮಾಡ್ತಿದ್ದೆ, ಸರ್.”

“ಏನು ಕೇಳಿಸಿತು?”

“ಬರೀ ಮಣ್ಣು, ಸರ್.”

ಅವನು ನಕ್ಕು ಅವಳ ವಾರದ ಹಾಜರಿ ಹಾಳೆಗೆ ಸಹಿ ಮಾಡಿದ. ‘ದಾಕ್ಷಾಯಣಿ ಮಳಿಯಪ್ಪ ಹಂಚಿನಾಳ’ ಎಂಬ ಪೂರ್ತಿ ಹೆಸರು ಅವನ ಹೆಬ್ಬೆರಳಿನ ಮಗ್ಗುಲಲ್ಲೇ ಇತ್ತು. ಒಂಬತ್ತು ವಾರಗಳಿಂದ ಅವನು ಅದರ ಕೆಳಗೆ ಸಹಿ ಮಾಡುತ್ತಿದ್ದ. ಒಮ್ಮೆಯೂ ಅವನ ಲೇಖನಿ ತಡೆದಿರಲಿಲ್ಲ. ಅವಳು ಹೆಸರು ಮುಚ್ಚಿಟ್ಟುಕೊಂಡು ಬಂದವಳಲ್ಲ. ಮುಚ್ಚಿಡುವ ಅಗತ್ಯವೇ ಬಿದ್ದಿರಲಿಲ್ಲ. ಸತ್ತವನ ಹೆಸರನ್ನು ಅವನು ಎಂದೂ ಕೇಳಿಯೇ ಇರಲಿಲ್ಲ.

ಅವನ ಹಿಂದಿನ ಗೋಡೆಯ ಮೇಲೆ, ಗಾಜಿನ ಚೌಕಟ್ಟಿನೊಳಗೆ, ಆ ಮೊದಲ ನಕ್ಷೆ ತೂಗುತ್ತಿತ್ತು. ಅದರ ಪಕ್ಕದ ಫಲಕದಲ್ಲಿ ಕೇಂದ್ರದ ಎರಡು ನಿಯಮಗಳು. ಅಪಘಾತದ ಮರುತಿಂಗಳು ಪಡಗಾನೂರನೇ ಅವನ್ನು ಬರೆದು ಮೆಚ್ಚುಗೆ ಗಳಿಸಿದ್ದ.

ತಾನು ಸಹಿ ಮಾಡಿದ ನಕ್ಷೆಯ ಮೇಲೆ ತಾನು ಮೊದಲು ನಡೆಯದೆ ಇನ್ನೊಬ್ಬರನ್ನು ನಡೆಸಕೂಡದು.

ನೆಲೆಗಲ್ಲನ್ನು ಸರಿಸಿದವರು ಮತ್ತೆಂದೂ ನಕ್ಷೆ ಮಾಡಕೂಡದು.

ದಾಕ್ಷಾಯಣಿ ಎರಡನ್ನೂ ನಿಧಾನವಾಗಿ, ಮೊದಲ ಬಾರಿಗೆ ಓದುವವಳಂತೆ ಓದಿದಳು.

*

ಅವಳ ತಾಯಿ ಗುರುಬಸವ್ವ ಪೇಟೆಯಲ್ಲಿ ಖಾನಾವಳಿ ನಡೆಸುತ್ತಿದ್ದಳು. ಮಧ್ಯಾಹ್ನದ ಗದ್ದಲ ಇಳಿದಿತ್ತು. ಮೂಲೆಯಲ್ಲಿ ಕೇಂದ್ರದ ವ್ಯಾನ್ ಚಾಲಕ ರಾಜೇಸಾಬ ಜುಣಕದ ವಡಿಯ ಕೊನೆಯ ತುಣುಕನ್ನು ರೊಟ್ಟಿಯಲ್ಲಿ ಒರೆಸುತ್ತಿದ್ದ. ಮಳಿಯಪ್ಪನೊಡನೆ ದುಡಿದವನು ಅವನು. ದಾಕ್ಷಾಯಣಿ ಯಾರ ಮಗಳೆಂದು ಕೇಂದ್ರದಲ್ಲಿ ತಿಳಿದಿದ್ದವನು ಅವನೊಬ್ಬನೇ.

“ಕುಡದಿದ್ದನಂತ!” ರಾಜೇಸಾಬ ಹನ್ನೆರಡು ವರ್ಷಗಳಿಂದ ಹೇಳುತ್ತಿದ್ದುದನ್ನೇ ಮತ್ತೆ ಹೇಳಿದ. “ನಿಮ್ಮಪ್ಪಗ ಮಜ್ಜಿಗಿ ಹುಳಿ ಆದ್ರ ತಲಿ ತಿರಗತಿತ್ತವಾ. ಅವನೇನ್ ಕುಡೀತಾನ?”

ದಾಕ್ಷಾಯಣಿ ಪರದೆಯ ಚಿತ್ರವನ್ನು ತಾಯಿಯ ಮುಂದೆ ಹಿಡಿದಳು. ಗುರುಬಸವ್ವ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಆ ಆರು ಚುಕ್ಕಿಗಳನ್ನು ಒಂದೊಂದಾಗಿ ನೋಡಿದಳು.

“ಹಸರ ಬಳಿ,” ಎಂದಳು. “ಆವತ್ತ ಬಾವಿಕಟ್ಟಿಗೆ ಕೈ ಬಡದು ಒಡದಿದ್ವು. ಚೂರು ಆರಿಸ್ಕೊಂಡು ಕಿಸೆದಾಗ ಹಾಕ್ಕೊಂಡ ಹೋದ. ಬಣ್ಣ ಕಾಣೂದಿಲ್ಲೇನ ಇದರಾಗ?”

“ಇಲ್ಲವ್ವ. ಅಗದ್ರ ಕಾಣ್ತೈತಿ.”

“ಹಂಗಾದ್ರ ಅಗೀರಿ! ಊರ ಮುಂದ ಅಗೀರಿ!” ರಾಜೇಸಾಬ ಎದ್ದೇಬಿಟ್ಟ.

“ಅಗದ್ರ ಕಲ್ಲು ಸರದೈತಿ ಅಂತ ಗೊತ್ತಾಕ್ಕೈತಿ ಕಾಕಾ. ಯಾರು ಸರಿಸಿದ್ರು ಅಂತ ಗೊತ್ತಾಗೂದಿಲ್ಲ. ‘ಆ ಜವಾನನ ಸರಿಸಿರಬೇಕು’ ಅಂತಾನ ಪಡಗಾನೂರ.”

ಅವಳು ದನಿ ತಗ್ಗಿಸಿದಳು. ದನಕಿಲ್ಲಿನ ನಕ್ಷೆಯನ್ನು ಹೊಂದಿಸುವ ಕೆಲಸ ಅವಳ ಕೈಯಲ್ಲೇ ಇತ್ತು. ತಂಡದ ಮುಂದೆ ನಡೆಯುವವನು ಪಡಗಾನೂರ. ಒಂದು ಬಿಂದುವನ್ನು ಹನ್ನೊಂದು ಮೀಟರ್ ಸರಿಸಿದರೆ ಗಟ್ಟಿ ಉಪ್ಪಿನ ದಾರಿ ಕುದಿಯುವ ಕೊಳದ ಮೇಲೆ ಹೋಗುತ್ತದೆ. ಆ ನಕ್ಷೆಯನ್ನು ಅವಳು ಬೆಳಿಗ್ಗೆಯೇ ಮಾಡಿ ಮುಗಿಸಿದ್ದಳು. ಸರಿಯಾದ ನಕ್ಷೆಯ ಪಕ್ಕದಲ್ಲೇ ಅದು ಕುಳಿತಿತ್ತು. ಶಿರಸ್ತ್ರಾಣಕ್ಕೆ ಯಾವುದನ್ನು ತುಂಬಬೇಕೆಂಬುದು ಒಂದು ಬೆರಳಿನ ಕೆಲಸ.

ರಾಜೇಸಾಬ ಮತ್ತೆ ಕುಳಿತ. ಗುರುಬಸವ್ವ ಮಾತ್ರ ಬೆಚ್ಚಲಿಲ್ಲ.

“ಅವನ ಹಿಂದ ನಡಿಯಾವ್ರು ಯಾರು?”

“ಉಳಿದವ್ರು. ಒಂದ ಹಗ್ಗಕ್ಕ ಕಟ್ಕೊಂಡು.”

“ಹಂಗಾದ್ರ ಅದನ್ನ ಅಳಿಸಿ ಒಗಿ.” ತಾಯಿ ಒಲೆಯ ಕಡೆ ತಿರುಗಿ ರೊಟ್ಟಿಯನ್ನು ಮಗುಚಿದಳು. “ಅವ ಒಬ್ಬನ ಹೋಗಂಗಿದ್ರೂ ಬ್ಯಾಡ. ಬಿದ್ದು ಸತ್ರ ಫೋಟೋಕ್ಕ ಹಾರ ಹಾಕ್ತಾರ, ದೊಡ್ಡ ಮನಷಾ ಅಂತಾರ. ಹನ್ನೆರಡ ವರ್ಷ ನಾ ಕುಡುಕನ ಹೇಂತಿ ಅನಿಸ್ಕೊಂಡು ಇದ ಒಲಿ ಮುಂದ ಕುಂತೀನಿ. ಅವ ಸಾಯಬಾರದು. ನಿಂದ್ರಬೇಕು. ನಿಮ್ಮಪ್ಪ ನಿಂತಲ್ಲೇ ನಿಂತು, ಮುಂದಿನ ಹೆಜ್ಜಿ ಇಡಾಕ ಅಂಜಬೇಕು. ಎಲ್ಲಾರೂ ನೋಡಬೇಕು.”

ಆ ಮಾತಿನ ಕೊನೆಗೆ ದಾಕ್ಷಾಯಣಿ ತಲೆ ಎತ್ತಿದಳು. ಅವಳ ಕಣ್ಣಲ್ಲಿ ಇದ್ದುದನ್ನು ಕಂಡು ರಾಜೇಸಾಬ ಲೋಟದ ನೀರನ್ನು ಒಂದೇ ಗುಟುಕಿಗೆ ಕುಡಿದ.

“ಕಾಕಾ, ಕುರುಡು ನಡಿಗೆ ದಿನ ವ್ಯಾನ್ ನೀವ ಹೊಡಿಯೂದಲ್ಲ?”

*

ತಂಡ ಹೊರಡುವ ಮುನ್ನ ಮುಖ್ಯಸ್ಥನು ಪರೀಕ್ಷಾ ಮಾರ್ಗದಲ್ಲಿ ನಕ್ಷೆಗಣ್ಣು ತೊಟ್ಟು ನಡೆಯಬೇಕು. ಅದಕ್ಕೆ ಕೇಂದ್ರದಲ್ಲಿ ಕುರುಡು ನಡಿಗೆ ಎಂದು ಹೆಸರು. ದಿಕ್ಕಿನ ಅಂದಾಜು ಉಳಿಯಬಾರದೆಂದು ಶಿರಸ್ತ್ರಾಣ ತೊಡಿಸಿ, ಮುಚ್ಚಿದ ವ್ಯಾನಿನಲ್ಲಿ ಹತ್ತು ನಿಮಿಷ ಸುತ್ತಾಡಿಸಿ, ಯಾವುದೋ ಒಂದು ಕಡೆ ಇಳಿಸುತ್ತಿದ್ದರು. ಪಡಗಾನೂರ ಅದನ್ನು ಹದಿನಾಲ್ಕು ಸಲ ಮಾಡಿದ್ದ. ಪ್ರತಿ ಸಲವೂ ಪೂರ್ವದ ದಂಡೆಯಲ್ಲಿ.

ಅಂದು ಬೆಳಿಗ್ಗೆ ಒಂಬತ್ತಕ್ಕೆ ತಂಡದ ಸದಸ್ಯರೆಲ್ಲ ಚಪ್ಪರದ ಕೆಳಗೆ ಸೇರಿದ್ದರು. ದನಕಿಲ್ ಸಂಶೋಧನೆಯ ಮುಖ್ಯ ವಿಜ್ಞಾನಿ, ಇಥಿಯೋಪಿಯಾದ ಡಾ. ಸೆನಾಯಿತ್ ಕೂಡ ಬಂದಿದ್ದಳು. ತಂಡದಲ್ಲಿ ಯಾರು ಇರಬೇಕು, ಯಾರು ಬೇಡ ಎಂಬುದು ಆಕೆಯ ನಿರ್ಧಾರ. ಎದುರಿನ ದೊಡ್ಡ ಪರದೆಯ ಮೇಲೆ ಪಡಗಾನೂರನಿಗೆ ಕಾಣುವುದೆಲ್ಲ ಎಲ್ಲರಿಗೂ ಕಾಣುತ್ತಿತ್ತು. ಅವನ ಮಾತು ಧ್ವನಿವರ್ಧಕದಲ್ಲಿ ಕೇಳುತ್ತಿತ್ತು. ನಿಯಂತ್ರಣ ಕೊಠಡಿಯ ಧ್ವನಿಗ್ರಾಹಕ, ಬೀಗದ ಗುಂಡಿ ಎಲ್ಲವೂ ಅಂದು ಚಪ್ಪರಕ್ಕೆ, ದಾಕ್ಷಾಯಣಿಯ ಮುಂದಕ್ಕೆ ಬಂದಿದ್ದವು.

ವ್ಯಾನ್ ಬಂದು ಚಪ್ಪರದ ಮುಂದೆಯೇ ನಿಂತಿತು. ರಾಜೇಸಾಬ ಪಡಗಾನೂರನ ತೋಳು ಹಿಡಿದು ಇಳಿಸಿದ.

ಸೆನಾಯಿತ್ ಹುಬ್ಬೇರಿಸಿದಳು. “ಇದು ನಿಮ್ಮ ಅಂಗಳವಲ್ಲವೆ? ಇಲ್ಲಿ ಅಂಚು ಎಲ್ಲಿದೆ?”

“ನಕ್ಷೆಯಲ್ಲಿದೆ, ಮೇಡಂ,” ಎಂದಳು ದಾಕ್ಷಾಯಣಿ.

ಅಂಗಳದ ನಾಲ್ಕು ಮೂಲೆಗಳಲ್ಲಿ ನಾಲ್ಕು ಗೂಟಗಳಿದ್ದವು. ಬೆಳಿಗ್ಗೆ ಅವಳೇ ಅವನ್ನು ನೆಟ್ಟು, ಐದು, ಆರು, ಏಳು, ಎಂಟನೇ ನೆಲೆಗಲ್ಲುಗಳೆಂದು ಯಂತ್ರಕ್ಕೆ ಹೇಳಿದ್ದಳು. ಗಣಿಯ ಪಶ್ಚಿಮದ ದಂಡೆ ಈಗ ಈ ಸಮತಟ್ಟಾದ ಅಂಗಳಕ್ಕೆ ಬಂದು ಮಲಗಿತ್ತು. ಆದರೆ ಅದು ಶಿರಸ್ತ್ರಾಣದೊಳಗಿನ ಕಣ್ಣುಗಳಿಗೆ ಮಾತ್ರ.

“ಹಂಚಿನಾಳ, ಎಲ್ಲಿ ಕರಕೊಂಡು ಬಂದೀ ನನ್ನ?” ಪಡಗಾನೂರನ ಉತ್ಸಾಹದ ದನಿ. “ಊಟದ ಹೊತ್ತಿಗೆ ವಾಪಸು ಕಳಿಸ್ತೀಯೋ ಇಲ್ಲೋ?”

“ನೀವು ಎಷ್ಟು ಬೇಗ ನಡೀತೀರಿ ಅನ್ನೋದರ ಮೇಲಿದೆ, ಸರ್. ಹೊರಡಿ.”

ಅವನು ಹೊರಟ. ಪರದೆಯ ಮೇಲೆ ಐದನೇ ಕಲ್ಲು ಹಿಂದೆ ಸರಿಯಿತು, ಆರನೆಯದು ಬಂತು. ಅವನ ಹೆಜ್ಜೆಯ ವೇಗ ಅಲ್ಲಿ ತುಸು ತಗ್ಗಿತು. ಮುಂದೆ, ದಾರಿಯ ತಿರುವಿನಲ್ಲಿ, ಏಳನೇ ಕಲ್ಲು ಕಾಣಿಸಿತು. ಅವನು ನಿಂತ.

“ಇದು ಯಾವ ನಕ್ಷೆ?”

“ನಿಮ್ಮದೇ, ಸರ್. ಗೋಡೆಯ ಮೇಲಿರೋದು. ಕೆಳಗೆ ನಿಮ್ಮ ಸಹಿ ಕಾಣ್ತಿದೆಯಲ್ಲ?”

“ಹಳೇದು ಇದು. ಬದಲಾಯಿಸು.”

“ಗೇಣಿನಷ್ಟೂ ದೋಷ ಇಲ್ಲದ ನಕ್ಷೆ ಅಂತ ವರದೀಲಿ ಬರೆದಿದ್ದೀರಿ. ಸಹಿ ಮಾಡಿದವರು ಅದರ ಮೇಲೆ ನಡೀಬೇಕು ಅಂತ ಫಲಕದಲ್ಲೂ ಬರೆದಿದ್ದೀರಿ. ನೀವು ಈ ನಕ್ಷೆಯ ಮೇಲೆ ಒಮ್ಮೆಯೂ ನಡೆದಿಲ್ಲ, ಸರ್.”

ಅವನು ಏಳನೇ ಕಲ್ಲನ್ನು ದಾಟಿ ಎರಡು ಹೆಜ್ಜೆ ಇಟ್ಟ. ಪರದೆಯ ಮೇಲೆ ಅವನ ಬಲಕ್ಕೆ ಹನ್ನೊಂದು ಮೀಟರ್ ಅಗಲದ ಗಟ್ಟಿ ಬಂಡೆ. ಅದರಾಚೆ ಗಣಿಯ ಅಂಚು. ದಾರಿ ಆ ಬಂಡೆಯ ಮೇಲೆ ಹಸಿರು ಗೆರೆಯಾಗಿ ಸಾಗಿತ್ತು. ಅವನು ಎತ್ತಿದ ಕಾಲನ್ನು ಹಿಂದಕ್ಕಿಟ್ಟ.

“ಒಂದೇ ಹೆಜ್ಜೆ, ಸರ್. ದಾರಿ ಅಗಲವಾಗಿದೆ.”

ಅವನು ಕುಕ್ಕರಿಸಿದ. ಆಮೇಲೆ ನಾಲ್ಕು ಕಾಲಿನ ಮೇಲೆ ಬಿದ್ದ. ಅಂಗೈಯನ್ನು ಮುಂದೆ ಚಾಚಿ ನೆಲವನ್ನು ತಡವಿದ, ಸರಕ್ಕನೆ ಹಿಂದಕ್ಕೆಳೆದುಕೊಂಡ. ಬೆಳಗಿನ ಬಿಸಿಲಿನಲ್ಲಿ, ಗುಡಿಸಿ ನೀರು ಚಿಮುಕಿಸಿದ ಅಂಗಳದ ನಟ್ಟನಡುವೆ, ಕೇಂದ್ರದ ನಿರ್ದೇಶಕನು ಇಲ್ಲದ ಪ್ರಪಾತದ ಅಂಚನ್ನು ಬೆರಳುಗಳಿಂದ ಹುಡುಕುತ್ತಿದ್ದ. ಒಬ್ಬ ಸದಸ್ಯ ಏಳಲು ಹೋದಾಗ ಸೆನಾಯಿತ್ ಕೈ ಅಡ್ಡ ಹಿಡಿದು ಕೂರಿಸಿದಳು.

“ತೆಗೀರಿ ಇದನ್ನ! ಅಂಚು ಅಲ್ಲಿಲ್ಲ, ಇಲ್ಲೇ ಇದೆ, ನನ್ನ ಕೈ ಹತ್ತಿರ ಇದೆ!”

“ನಕ್ಷೆಯಲ್ಲಿ ಹಾಗಿಲ್ಲವಲ್ಲ, ಸರ್.”

“ನಕ್ಷೆ ತಪ್ಪು! ಹನ್ನೊಂದು ಮೀಟರ್ ತಪ್ಪು ಇದೆ ಇಲ್ಲಿ!”

ದಾಕ್ಷಾಯಣಿ ಧ್ವನಿಗ್ರಾಹಕವನ್ನು ತುಟಿಯ ಹತ್ತಿರಕ್ಕೆ ತಂದಳು.

“ಹನ್ನೊಂದು ಅಂತ ಯಾರು ಅಳೆದರು, ಸರ್?”

ಪಡಗಾನೂರನ ಕೈಗಳು ಕೊರಳಪಟ್ಟಿಯ ಬೀಗವನ್ನು ತಡಕಿದವು.

“ಈ ದಂಡೆಯನ್ನು ಹನ್ನೆರಡು ವರ್ಷಗಳಿಂದ ಯಾರೂ ಅಳೆದಿಲ್ಲ. ಮೊನ್ನೆ ನಾನು ಅಳೆದೆ, ನಿಮಗೆ ಹೇಳಿಲ್ಲ. ನನಗಿಂತ ಮೊದಲು ಆ ಲೆಕ್ಕ ಗೊತ್ತಿರೋದು ಕಲ್ಲು ಸರಿಸಿದವರಿಗೆ ಮಾತ್ರ.”

“ಮಾರನೇ ದಿನ ಪ್ರದರ್ಶನ ಇತ್ತು…” ಎಂದ. “ತಿದ್ದೋಕೆ ಸಮಯ ಇರಲಿಲ್ಲ. ಕಲ್ಲಿನ ಹತ್ತಿರ ತೋರಿಸಿ ಮುಗಿಸ್ತೀವಿ, ಅದರಾಚೆ ಅವನು ಹೋಗೋದಿಲ್ಲ ಅಂದುಕೊಂಡಿದ್ದೆ. ದಯವಿಟ್ಟು ಬೀಗ ತೆಗಿ.”

“ತೆಗೀತೀನಿ. ಆವತ್ತು ನಡೆದವರ ಹೆಸರು ಹೇಳಿ.”

“ಜವಾನ… ಬಾಂದು ಜವಾನ.”

“ಅದು ಕೆಲಸ. ಹೆಸರು ಕೇಳಿದೆ.”

ಅವನು ಒಂದೆರಡು ಹೆಸರುಗಳನ್ನು ತೊದಲಿದ. ಯಾವುದೂ ಅಲ್ಲ. ದಾಕ್ಷಾಯಣಿ ಕಾದಳು. ಅವಳಿಗೆ ಕರುಣೆ ಬರಲಿಲ್ಲ. ಬರಬಹುದೆಂದು ಹೆದರಿದ್ದಳು, ಬರಲಿಲ್ಲ. ತಂದೆ ಮೇಲಿನಿಂದ ಕೆಳಗೆ ತಲುಪಲು ಎಷ್ಟು ಹೊತ್ತು ಹಿಡಿದಿರಬೇಕೆಂದು ಅವಳು ಎಂದೋ ಲೆಕ್ಕ ಹಾಕಿದ್ದಳು. ಅದರ ನೂರು ಪಟ್ಟು ಹೊತ್ತು ಅವನನ್ನು ಅಲ್ಲೇ ಇರಿಸಿದಳು. ಆಮೇಲೆ ಗುಂಡಿ ಒತ್ತಿದಳು.

ನಕ್ಷೆ ಆರಿತು. ಬೀಗ ಕಳಚಿತು. ಪಡಗಾನೂರ ಶಿರಸ್ತ್ರಾಣ ಕಿತ್ತು ಕಣ್ಣು ಕಿರಿದು ಮಾಡಿ ನೋಡಿದ. ಅವನ ಮುಂದೆ ಸಪಾಟಾದ ಅಂಗಳ, ಒಂದು ತುಳಸಿಕಟ್ಟೆ, ಚಪ್ಪರದ ಕೆಳಗೆ ತನ್ನನ್ನೇ ನೋಡುತ್ತಿದ್ದ ಆರು ಮುಖಗಳು. ಅವನ ಬಲಗೈ ಇನ್ನೂ ನೆಲವನ್ನು ಬಿಗಿಯಾಗಿ ಹಿಡಿದಿತ್ತು.

*

ಮೂರನೇ ದಿನ ವಿಚಾರಣಾ ಸಮಿತಿಯ ಮುಂದೆ ಬೇಲಿಯ ಒಳಗೆ ಅಗೆದರು. ಮೊಳದಷ್ಟು ಕೆಳಗೆ ಇದ್ದಿಲು ಸಿಕ್ಕಿತು, ಇದ್ದಿಲಿನ ನಡುವೆ ಆರು ಗಾಜಿನ ಚೂರುಗಳು. ತೊಳೆದಾಗ ಹಸಿರು ಬಣ್ಣ ಬಂತು. ಗುರುಬಸವ್ವ ಒಂದು ಚೂರನ್ನು ಅಂಗೈಯಲ್ಲಿಟ್ಟುಕೊಂಡು, ಮತ್ತೆ ತಾನೇ ಗುಂಡಿಗೆ ಹಾಕಿದಳು.

“ಅಲ್ಲೇ ಇರಲಿ,” ಎಂದಳು. “ಕೆಲಸ ಮುಗದಿಲ್ಲ ಅದರದ್ದು.”

ಸೆನಾಯಿತ್ ದಾಕ್ಷಾಯಣಿಯನ್ನು ಪಕ್ಕಕ್ಕೆ ಕರೆದಳು. “ಅಂಗಳದ ಗೂಟಗಳನ್ನು ನೆಟ್ಟವರು ನೀವೇ?”

“ಹೌದು.”

“ಅವು ಅಲ್ಲಿರಬೇಕಾದವಲ್ಲ ಎಂದು ತಿಳಿದೂ?”

“ತಿಳಿದೇ, ಮೇಡಂ. ಫಲಕವನ್ನು ಎರಡು ಸಲ ಓದಿ ನೆಟ್ಟೆ.”

ಸೆನಾಯಿತ್ ಗಣಿಯ ಕಡೆಗೆ ತಿರುಗಿದಳು. “ನನ್ನ ಜನ ಆ ಉಪ್ಪಿನ ಮೇಲೆ ಕಣ್ಣು ಮುಚ್ಚಿ ನಡೆಯುತ್ತಾರೆ. ನೆಲೆಗಲ್ಲನ್ನು ಸರಿಸಬಲ್ಲ ಕೈ, ಕಾರಣ ಎಷ್ಟೇ ದೊಡ್ಡದಿರಲಿ, ಅವರ ನಕ್ಷೆ ಮಾಡುವಂತಿಲ್ಲ. ನಿಯಮ ಅವನಿಗೂ ಒಂದೇ, ನಿಮಗೂ ಒಂದೇ.”

“ಗೊತ್ತು, ಮೇಡಂ.” ದಾಕ್ಷಾಯಣಿ ಕೊರಳಿನ ಗುರುತುಚೀಟಿ ತೆಗೆದು ಆಕೆಯ ಕೈಗೆ ಕೊಟ್ಟಳು. ಸರಿಯಾದ ದನಕಿಲ್ ನಕ್ಷೆ ಸಿದ್ಧವಾಗಿದೆಯೆಂದೂ, ಹೊರಡುವ ಮುನ್ನ ಬೇರೆ ಯಾರಾದರೂ ಅದನ್ನು ಪೂರ್ತಿ ಮರುಅಳತೆ ಮಾಡಬೇಕೆಂದೂ ಹೇಳಿದಳು.

ತಾಯಿ ಇದನ್ನೆಲ್ಲ ದೂರದಿಂದ ನೋಡುತ್ತಿದ್ದಳು. “ಹೋಗೂದು ತಪ್ಪಿತೇನವಾ?”

“ತಪ್ಪಿತು.”

“ಹೊಟ್ಟಿ ತಣ್ಣಗಾತೇನ?”

“ಇನ್ನಾ ಒಂದು ಬಾಕಿ ಐತಿ, ನೋಡು.”

ರಾಜೇಸಾಬ ಮತ್ತು ಇನ್ನಿಬ್ಬರು ಏಳನೇ ಕಲ್ಲನ್ನು ಹಗ್ಗ ಕಟ್ಟಿ ಎಳೆದು ತಂದು ಇದ್ದಿಲಿನ ಮೇಲೆ ನಿಲ್ಲಿಸಿದರು. ಸಮಿತಿಯ ಗುಮಾಸ್ತ ಕಲ್ಲುಗಳ ದಾಖಲೆ ಪುಸ್ತಕವನ್ನು ತೆರೆದ. ಕಲ್ಲಿನ ಸ್ಥಾನ ತಿದ್ದುವಾಗ ಹಿಂದಿನ ದಾಖಲೆಗೆ ಸಹಿ ಮಾಡಿದವನೇ ಹೊಸ ಸಾಲನ್ನು ತನ್ನ ಕೈಯಾರೆ ಬರೆಯಬೇಕೆಂಬುದು ವಾಡಿಕೆ. ಪಡಗಾನೂರನನ್ನು ಕರೆಸಿದರು. ಅವನು ಯಾರ ಮುಖವನ್ನೂ ನೋಡದೆ ಕಲ್ಲಿನ ಸಂಖ್ಯೆ ಬರೆದ, ಸ್ಥಾನ ಬರೆದ, ದಿನಾಂಕ ಬರೆದ. ‘ನೆಟ್ಟವರು’ ಎಂಬ ಅಂಕಣದಲ್ಲಿ ಹನ್ನೆರಡು ವರ್ಷಗಳ ಹಿಂದೆ ಅವನೇ ‘ಜವಾನ’ ಎಂದು ಗೀಚಿದ್ದ. ಅಲ್ಲಿ ಲೇಖನಿ ನಿಂತಿತು.

“ಏನಂತ ಬರೀಲಿ?” ತೀರ ಮೆಲ್ಲಗೆ ಕೇಳಿದ.

“ಒಂಬತ್ತು ವಾರ ಅದರ ಕೆಳಗೇ ಸಹಿ ಮಾಡಿದ್ದೀರಿ,” ಎಂದು ದಾಕ್ಷಾಯಣಿ ತನ್ನ ಹಾಜರಿ ಹಾಳೆಯನ್ನು ಪುಸ್ತಕದ ಪಕ್ಕಕ್ಕೆ ಇಟ್ಟಳು. “ನನ್ನ ಹೆಸರನ್ನು ಬಿಟ್ಟು ಉಳಿದದ್ದನ್ನು ಬರೆಯಿರಿ.”

ಅವನು ಹಾಳೆಯನ್ನು ನೋಡಿದ. ಅವಳ ಮುಖವನ್ನು ನೋಡಿದ. ಅವನ ಮುಖದಿಂದ ರಕ್ತ ಇಳಿದುಹೋಗುವುದನ್ನು ಅವಳು ಕಣ್ಣು ಮಿಟುಕಿಸದೆ ನೋಡುತ್ತ ನಿಂತಳು. ಆಮೇಲೆ ಅವನು ತಲೆ ಬಗ್ಗಿಸಿ, ಒಂದೊಂದೇ ಅಕ್ಷರವನ್ನು ಮಗುವಿನಂತೆ ನಕಲು ಮಾಡಿ, ಮಳಿಯಪ್ಪ ಹಂಚಿನಾಳ ಎಂದು ಬರೆದ.